ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಇಲ್ಲದ ಎಲಿನಾರ್ ಆಸ್ಟ್ರಮ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಹೇಗೆ?

ಪ್ರಶ್ನೆ: ಎಲಿನಾರ್ ಆಸ್ಟ್ರಮ್ ಓದಿದ್ದು ರಾಜ್ಯಶಾಸ್ತ್ರ. ಹಾಗಿದ್ದ ಮೇಲೆ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಕೊಟ್ಟಿದ್ದು ಯಾವ ಲೆಕ್ಕದಲ್ಲಿ?

ನಿಯಮದ ಮಟ್ಟಿಗೆ ಉತ್ತರ ಚಿಕ್ಕದು. ಆ ಪ್ರಶಸ್ತಿ ಕೊಡುವವರು ಪದವಿ ಯಾವುದು ಎಂದು ಕೇಳುವುದಿಲ್ಲ, ಕೆಲಸ ನೋಡುತ್ತಾರೆ. 1994ರಲ್ಲಿ ಗಣಿತದ ಜಾನ್ ನ್ಯಾಶ್, 2002ರಲ್ಲಿ ಮನಶ್ಶಾಸ್ತ್ರದ ಡೇನಿಯಲ್ ಕಾನ್ಮನ್ ಇದೇ ಪ್ರಶಸ್ತಿ ಪಡೆದಿದ್ದರು. ಆದರೂ ಆಸ್ಟ್ರಮ್ ಹೆಸರು ಪ್ರಕಟವಾದ ದಿನ ಎಷ್ಟೋ ಅರ್ಥಶಾಸ್ತ್ರಜ್ಞರಿಗೇ ಅದು ಹೊಸ ಹೆಸರಾಗಿತ್ತು. ಈ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಅರ್ಥಶಾಸ್ತ್ರದ ಬಾಗಿಲು ಒಮ್ಮೆ ಅವರ ಮುಖಕ್ಕೇ ಮುಚ್ಚಿತ್ತು ಅನ್ನುವುದು ಗೊತ್ತಾದರೆ ಈ ಪ್ರಶ್ನೆಗೆ ಇನ್ನೂ ತೂಕ ಬರುತ್ತದೆ.

ಹುಟ್ಟಿದ್ದು 1933ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಮೆರಿಕದಲ್ಲಿ ಕೆಲಸ ಸಿಗದೆ ಜನ ಕಂಗಾಲಾಗಿದ್ದ ಕಾಲ. ಮನೆಯ ಹಿತ್ತಲಲ್ಲೇ ತರಕಾರಿ ಬೆಳೆದು, ಬೇಸಿಗೆಯಲ್ಲಿ ಹಣ್ಣನ್ನು ಡಬ್ಬಿಗಳಲ್ಲಿ ಕೆಡದಂತೆ ತುಂಬಿಟ್ಟುಕೊಳ್ಳುವ ಸಂಸಾರ. ಶಾಲೆಯಲ್ಲಿ ತ್ರಿಕೋನಮಿತಿ ತೆಗೆದುಕೊಳ್ಳುತ್ತೇನೆ ಅಂದಾಗ, ಬೀಜಗಣಿತ, ರೇಖಾಗಣಿತದಲ್ಲಿ ಅತ್ಯುತ್ತಮ ಅಂಕ ಇಲ್ಲದ ಹುಡುಗಿಯರಿಗೆ ಅದು ಬೇಡ ಅಂದುಬಿಟ್ಟರು. ದುಡಿಯುತ್ತಲೇ ಓದಿ ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಕೆಲಸ ಹುಡುಕಿಕೊಂಡು ಹೋದರೆ, ಎಲ್ಲ ಕಡೆ ಮೊದಲು ಕೇಳುತ್ತಿದ್ದ ಪ್ರಶ್ನೆ ‘ಟೈಪಿಂಗ್ ಬರುತ್ತಾ, ಶಾರ್ಟ್‌ಹ್ಯಾಂಡ್ ಬರುತ್ತಾ’. ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬೇಕೆಂದಾಗ ಗಣಿತ ಸಾಲದು ಎಂದು ಸೇರಿಸಿಕೊಳ್ಳಲಿಲ್ಲ. ಆ ಗಣಿತವನ್ನು ಕಲಿಯಲು ಬಿಡದೆ ಇದ್ದವರು ಯಾರು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ರಾಜ್ಯಶಾಸ್ತ್ರ ವಿಭಾಗ ಸೇರಿಸಿಕೊಂಡಿತು.

ಅಲ್ಲಿ ಅವರ ಪಾಲಿಗೆ ಬಂದ ವಿಷಯ ಅಂತರ್ಜಲ. ಲಾಸ್ ಏಂಜಲೀಸ್ ಪಕ್ಕದ ಕರಾವಳಿಯಲ್ಲಿ ವೆಸ್ಟ್ ಬೇಸಿನ್ ಎಂಬ ಪ್ರದೇಶವಿದೆ. ನಗರಸಭೆಗಳು, ನೀರಿನ ಕಂಪನಿಗಳು, ಕಾರ್ಖಾನೆಗಳು, ಎಲ್ಲರೂ ಬಾವಿ ಕೊರೆದು ಒಂದೇ ಒಡಲಿನಿಂದ ನೀರೆತ್ತುತ್ತಿದ್ದರು. ನೀರಿನ ಮಟ್ಟ ಕುಸಿದ ಹಾಗೆಲ್ಲ ಸಮುದ್ರದ ಉಪ್ಪುನೀರು ಒಳಕ್ಕೆ ನುಗ್ಗುತ್ತಿತ್ತು. ‘ನಾನು ಬಿಟ್ಟರೆ ಪಕ್ಕದವನು ಎತ್ತುತ್ತಾನೆ’ ಅನ್ನುವ ಮಾತು ಬೋರ್‌ವೆಲ್ ಕೊರೆಸಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಜನ ಸಂಘ ಕಟ್ಟಿಕೊಂಡರು, ಕೋರ್ಟಿನ ಕಟ್ಟೆ ಹತ್ತಿದರು, ಮಾತುಕತೆಯಲ್ಲಿ ಯಾರು ಎಷ್ಟು ಎತ್ತಬೇಕೆಂದು ಪಾಲು ಮಾಡಿಕೊಂಡರು. ಲೆಕ್ಕ ಇಡುವುದಕ್ಕೆ ಒಬ್ಬ ಅಧಿಕಾರಿ ಬಂದ. ಯಾರು ಎಷ್ಟು ಎತ್ತಿದರು ಅನ್ನುವುದು ಎಲ್ಲರ ಕಣ್ಣಿಗೂ ಬೀಳುವಂತಾಯಿತು. ಕರಾವಳಿಯ ಉದ್ದಕ್ಕೂ ಸಿಹಿನೀರನ್ನು ನೆಲದೊಳಕ್ಕೆ ಇಳಿಸಿ ಉಪ್ಪುನೀರಿಗೆ ತಡೆ ಹಾಕಿದರು. ಎಲಿನಾರ್ ಆ ಜನರ ಸಭೆಗಳಲ್ಲಿ ಕೂತು, ದಾಖಲೆ ಓದಿ ಪ್ರಬಂಧ ಬರೆದರು. 1965ರಲ್ಲಿ ಡಾಕ್ಟರೇಟ್ ಬಂತು.

ಮೂರು ವರ್ಷದ ಮೇಲೆ, 1968ರಲ್ಲಿ, ಗ್ಯಾರೆಟ್ ಹಾರ್ಡಿನ್ ಎಂಬ ಜೀವಶಾಸ್ತ್ರಜ್ಞರ ಲೇಖನವೊಂದು ಜಗತ್ತಿನಲ್ಲೆಲ್ಲ ಹೆಸರು ಮಾಡಿತು. ಊರಿಗೆಲ್ಲ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಹೆಚ್ಚಿಗೆ ಬಿಡುತ್ತಾನೆ, ಕೊನೆಗೆ ಹುಲ್ಲೇ ಇರುವುದಿಲ್ಲ ಎಂಬ ವಾದ. ಆದ್ದರಿಂದ ಇಂಥದ್ದನ್ನು ಒಂದೋ ಸರ್ಕಾರ ಹಿಡಿತಕ್ಕೆ ತೆಗೆದುಕೊಳ್ಳಬೇಕು, ಇಲ್ಲವೇ ತುಂಡು ಮಾಡಿ ಖಾಸಗಿಯವರಿಗೆ ಕೊಡಬೇಕು ಎಂದು ಎಷ್ಟೋ ದೇಶಗಳ ಯೋಜಕರು ನಂಬಿದರು. ಈ ಎರಡೂ ಅಲ್ಲದ ಮೂರನೆಯ ದಾರಿಯನ್ನು ಎಲಿನಾರ್ ಆಗಲೇ ಕಣ್ಣಾರೆ ಕಂಡಿದ್ದರು.

ಅಷ್ಟರಲ್ಲಿ ಅವರು ಗಂಡ ವಿನ್ಸೆಂಟ್ ಆಸ್ಟ್ರಮ್ ಜೊತೆ ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದಾಗಿತ್ತು. ಕರೆ ಬಂದಿದ್ದು ಗಂಡನಿಗೆ. ಇವರಿಗೆ ಕೆಲಸ ಸಿಕ್ಕಿದ್ದು ಬೆಳಗ್ಗೆ ಏಳೂವರೆಯ ತರಗತಿಗೆ ಪಾಠ ಮಾಡುವವರು ಬೇಕಿದ್ದರು ಅಂತ. ಮುಂದೆ ಅಮೆರಿಕದ ನಗರಗಳ ಪೊಲೀಸ್ ವ್ಯವಸ್ಥೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಠಾಣೆಗಳನ್ನೆಲ್ಲ ಒಂದೇ ದೊಡ್ಡ ಇಲಾಖೆಗೆ ಸೇರಿಸಿದರೆ ಸೇವೆ ತಾನಾಗಿ ಉತ್ತಮವಾಗುತ್ತದೆ ಎಂಬ ನಂಬಿಕೆ ಸುಳ್ಳೆಂದು ತೋರಿಸಿದರು. 1973ರಲ್ಲಿ ಗಂಡಹೆಂಡತಿ ಸೇರಿ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ವರ್ಕ್‌ಶಾಪ್’. ಬಡಗಿಯ ಪಕ್ಕ ನಿಂತು ಮರಗೆಲಸ ಕಲಿಯುವಂತೆ ವಿದ್ಯಾರ್ಥಿಗಳು ಸಂಶೋಧನೆಯ ಕಸುಬು ಕಲಿಯಲಿ ಎಂಬ ಆಸೆಯಿಂದ.

ಆ ಕೇಂದ್ರ ಲೋಕದ ಮೂಲೆಮೂಲೆಯಿಂದ ಒಟ್ಟುಹಾಕಿದ ಉದಾಹರಣೆಗಳೇ ನೊಬೆಲ್‌ನ ಬಂಡವಾಳ. ಸ್ವಿಟ್ಜರ್‌ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯಲ್ಲಿ 1517ರಿಂದಲೂ ಒಂದು ನಿಯಮವಿದೆ: ಚಳಿಗಾಲದಲ್ಲಿ ನಿಮ್ಮ ಮನೆಯ ಮೇವಿನಲ್ಲಿ ಎಷ್ಟು ಹಸು ಸಾಕಬಲ್ಲಿರೋ, ಬೇಸಿಗೆಯಲ್ಲಿ ಸಾಮೂಹಿಕ ಹುಲ್ಲುಗಾವಲಿಗೆ ಅಷ್ಟನ್ನೇ ಬಿಡಬೇಕು. ಒಂದೇ ಸಾಲು. ಮೋಸ ಮಾಡಲು ಹೋದರೆ ಮನೆಯ ಕೊಟ್ಟಿಗೆಯೇ ಸಾಕ್ಷಿ ಹೇಳುತ್ತದೆ. ಸ್ಪೇನಿನ ವೆಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ಎಂಟು ಕಾಲುವೆಗಳ ಪ್ರತಿನಿಧಿಗಳು ಕಪ್ಪು ನಿಲುವಂಗಿ ತೊಟ್ಟು ಕೂರುತ್ತಾರೆ. ಅವರೂ ರೈತರೇ. ನೀರಿನ ಜಗಳಕ್ಕೆ ವಕೀಲರಿಲ್ಲದೆ, ಬಾಯಿಮಾತಿನಲ್ಲಿ, ಅಲ್ಲೇ ತೀರ್ಪು ಕೊಡುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ನೇಪಾಳದ ಅಧ್ಯಯನ. ರೈತರೇ ಕಟ್ಟಿ ನಡೆಸುವ ಕಾಲುವೆಗಳನ್ನೂ ಸರ್ಕಾರಿ ಇಲಾಖೆ ನಡೆಸುವ ಕಾಲುವೆಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ರೈತರದು ಕಲ್ಲು, ಮಣ್ಣು, ಮರದ ಕೊಂಬೆಯ ಒಡ್ಡು. ಸರ್ಕಾರದ್ದು ಕಾಂಕ್ರೀಟ್. ಆದರೂ ಕಾಲುವೆಯ ಕೊನೆ ಭಾಗಕ್ಕೆ ನೀರು ಚೆನ್ನಾಗಿ ಮುಟ್ಟುತ್ತಿದ್ದದ್ದು ರೈತರ ಕಾಲುವೆಯಲ್ಲೇ. ಮಣ್ಣಿನ ಒಡ್ಡು ಮಳೆಗೆ ಕೊಚ್ಚಿಹೋಗುತ್ತದೆ, ಪ್ರತಿವರ್ಷ ಕಟ್ಟಲು ಕೊನೆ ಭಾಗದವರ ಕೈಯೂ ಬೇಕು. ಅವರು ಬರಬೇಕಾದರೆ ಅವರಿಗೆ ನೀರು ಬಿಡಲೇಬೇಕು. ಕಾಂಕ್ರೀಟ್ ಬಂದ ಮೇಲೆ ಮೇಲ್ಭಾಗದವರಿಗೆ ಕೆಳಗಿನವರ ಹಂಗು ಉಳಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ರಸ್ತೆಗಿಳಿದ ಸುದ್ದಿ ಓದುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

1990ರ ಪುಸ್ತಕದಲ್ಲಿ ಅವರು ಇವನ್ನೆಲ್ಲ ಎಂಟು ತತ್ವಗಳಾಗಿ ಜೋಡಿಸಿದರು. ಹಕ್ಕು ಯಾರದು, ಎಲ್ಲೆ ಎಲ್ಲಿಯವರೆಗೆ ಎಂಬುದು ಸ್ಪಷ್ಟವಿರಬೇಕು. ನಿಯಮ ಮಾಡುವಾಗ ಬಳಸುವವರ ಮಾತು ನಡೆಯಬೇಕು. ಕಾಯುವವನು ಬಳಸುವವರಿಗೇ ಉತ್ತರ ಹೇಳುವವನಾಗಿರಬೇಕು. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮತ್ತೆ ತಪ್ಪಿದರೆ ದೊಡ್ಡದು. ಹಳೆಯ ಮೈಸೂರು ಸೀಮೆಯ ಕೆರೆ ಊರುಗಳ ನೀರುಗಂಟಿಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ತೂಬು ಎತ್ತುವವನು ಅವನು, ನೀರು ಕಡಿಮೆಯಾದ ವರ್ಷ ಸರದಿ ಹಾಕುವವನೂ ಅವನೇ. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಅಳೆದು ಕೊಡುತ್ತಿದ್ದವರು ಅದೇ ಗದ್ದೆಗಳ ಒಡೆಯರು. ಎಲ್ಲ ಊರಲ್ಲೂ ಇದು ನ್ಯಾಯವಾಗಿ ನಡೆಯಿತೆಂದು ನಾನು ಹೇಳಲಾರೆ. ಜಾತಿ, ಜಮೀನಿನ ಬಲ ಅಲ್ಲೂ ಇತ್ತು. ಆಸ್ಟ್ರಮ್ ಕೂಡ ಸೋತ ಉದಾಹರಣೆಗಳನ್ನು ಮುಚ್ಚಿಡಲಿಲ್ಲ, ಯಾವುದು ಯಾಕೆ ಸೋತಿತು ಎಂದು ಅದೇ ಪುಸ್ತಕದಲ್ಲಿ ಬಿಡಿಸಿ ಬರೆದರು.

ಹೀಗೆ, ಇರುವ ಸಂಪತ್ತನ್ನು ಜನ ಹೇಗೆ ಹಂಚಿಕೊಳ್ಳುತ್ತಾರೆ ಎಂಬ ಅರ್ಥಶಾಸ್ತ್ರದ ಮೂಲ ಪ್ರಶ್ನೆಗೇ ಅವರು ಹೊಸ ಉತ್ತರ ತಂದಿದ್ದರು. ಪ್ರಶಸ್ತಿಯ ಕಾರಣವಾಗಿ ಸಮಿತಿ ಬರೆದದ್ದು ಕೂಡ ಆರ್ಥಿಕ ಆಡಳಿತದ, ವಿಶೇಷವಾಗಿ ಸಾಮೂಹಿಕ ಸಂಪತ್ತಿನ ವಿಶ್ಲೇಷಣೆ ಎಂದೇ. ಒಂದು ಕೋಟಿ ಸ್ವೀಡಿಷ್ ಕ್ರೋನಾರ್ ಮೊತ್ತವನ್ನು ಅವರು ಆ ವರ್ಷ ಪ್ರಶಸ್ತಿ ಪಡೆದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ ಜೊತೆ ಹಂಚಿಕೊಂಡರು, ತಮ್ಮ ಪಾಲನ್ನು ವರ್ಕ್‌ಶಾಪಿಗೆ ಕೊಟ್ಟರು. 2011ರ ಜನವರಿಯಲ್ಲಿ ಸಾಮೂಹಿಕ ಸಂಪತ್ತಿನ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೈದರಾಬಾದಿಗೂ ಬಂದರು. 2012ರ ಜೂನ್ 12ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ತಿಂಗಳು 29ರಂದು ವಿನ್ಸೆಂಟ್ ಕೂಡ ಹೋದರು. ಬ್ಲೂಮಿಂಗ್ಟನ್‌ನ ಆ ವರ್ಕ್‌ಶಾಪ್ ಇವತ್ತು ಇಬ್ಬರಿಗೂ ಸೇರಿದ ‘ಆಸ್ಟ್ರಮ್’ ಎಂಬ ಹೆಸರು ಹೊತ್ತುಕೊಂಡು ನಡೆಯುತ್ತಿದೆ.