ಇಪಿಎಸ್-95 ಪಿಂಚಣಿ: 2014ರ ಗೆರೆ, ಊರುವಾರು ಲೆಕ್ಕ

ಇಪಿಎಸ್-95 ಅಂದರೆ ಭವಿಷ್ಯ ನಿಧಿಯ ನೌಕರರ ಪಿಂಚಣಿ ಯೋಜನೆ, 1995. ತಿಂಗಳ ಪಿಂಚಣಿಯ ಸೂತ್ರ ಎಲ್ಲರಿಗೂ ಬಾಯಿಪಾಠ: ಪಿಂಚಣಿ ಸಂಬಳ × ಸೇವಾ ವರ್ಷ ÷ 70. ವಯಸ್ಸು 58, ಸೇವೆ ಕನಿಷ್ಠ 10 ವರ್ಷ. ಸಂಬಳ ಎಂದರೆ ಮೂಲವೇತನ ಮತ್ತು ತುಟ್ಟಿಭತ್ಯೆ, ಕೊನೆಯ 60 ತಿಂಗಳ ಸರಾಸರಿ, ಮಿತಿ 15,000 ರೂ.

ಎಡವುವುದು ಈ ಮಿತಿಯಲ್ಲಿ. 15,000 ಜಾರಿಗೆ ಬಂದದ್ದು 1-9-2014ರಿಂದ. ಅದಕ್ಕೆ ಮೊದಲು 6,500 ಇತ್ತು. ಆದ್ದರಿಂದ ಸೇವೆಯನ್ನು ಆ ದಿನಕ್ಕೆ ಸೀಳಿ ಎರಡು ಲೆಕ್ಕ ಮಾಡಬೇಕು. ಕೊನೆಗೆ ಸಂಬಳ 40,000 ಇದ್ದರೂ ಹಳೆಯ ವರ್ಷಗಳಿಗೆ 6,500ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ.

1-9-2005ಕ್ಕೆ ಕೆಲಸಕ್ಕೆ ಸೇರಿ, 31-8-2023ಕ್ಕೆ 58 ತುಂಬಿ ನಿವೃತ್ತರಾದವರನ್ನು ತೆಗೆದುಕೊಳ್ಳಿ. ಒಟ್ಟು 18 ವರ್ಷ, ಗೆರೆಯ ಆಚೆ 9, ಈಚೆ 9.

6,500 × 9 ÷ 70 = 835.71
15,000 × 9 ÷ 70 = 1,928.57
ಒಟ್ಟು 2,764.28 ರೂ.

ಸೀಳದೆ 15,000 × 18 ÷ 70 ಮಾಡಿದರೆ 3,857 ಬರುತ್ತದೆ. ‘ಸಾವಿರ ರೂಪಾಯಿ ಕಡಿಮೆ ಹಾಕಿದ್ದಾರೆ’ ಎನ್ನುವ ಎಷ್ಟೋ ತಕರಾರುಗಳ ಮೂಲ ಇದೇ.

ಬಾಯಿಲೆಕ್ಕಕ್ಕೆ ಇಷ್ಟು ಸಾಕು: ಹಳೆಯ ವರ್ಷಕ್ಕೆ 93, ಹೊಸ ವರ್ಷಕ್ಕೆ 214. ಮೇಲಿನ ಉದಾಹರಣೆಗೆ 837 + 1,926 = 2,763. ಒಂದು ರೂಪಾಯಿ ಆಚೀಚೆ, ಅಷ್ಟೇ. ಸರಾಸರಿ ಸಂಬಳ 15,000 ಮುಟ್ಟದವರಿಗೆ ಈ 214 ಹೊಂದುವುದಿಲ್ಲ. ಪೂರ್ತಿ ಸಂಬಳದ ಮೇಲೆ ಹೆಚ್ಚಿನ ಪಿಂಚಣಿ ಆಯ್ದುಕೊಂಡವರ ಲೆಕ್ಕವೂ ಬೇರೆ. 20 ವರ್ಷ ಸೇವೆ ಮುಗಿಸಿದವರಿಗೆ 2 ವರ್ಷ ಸೇರಿಸಿ ಕೊಡುತ್ತಾರೆ. 50 ದಾಟಿದವರು 58ಕ್ಕೆ ಮೊದಲೇ ಪಡೆದರೆ ವರ್ಷಕ್ಕೆ ಶೇ. 4 ಕಡಿತ.

ಇನ್ನು ಯಾವ ಊರಲ್ಲಿ ಎಷ್ಟು ಪಿಂಚಣಿದಾರರು ಎಂದು ನಕ್ಷೆ ಬರೆಯುವವರ ಪ್ರಶ್ನೆ. ಭವಿಷ್ಯ ನಿಧಿಯ ಪ್ರಾದೇಶಿಕ ಕಚೇರಿವಾರು ಅಂಕಿಯನ್ನು ಹಾಗೆಯೇ ನಕ್ಷೆಗೆ ಏರಿಸಬೇಡಿ. ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ಹಾಸನದಲ್ಲಿ ನೆಲೆಸಿದವರ ಪಿಂಚಣಿ ಆದೇಶ, ಅಂದರೆ ಪಿಪಿಒ, ಹೊರಟದ್ದು ಬೆಂಗಳೂರಿನ ಕಚೇರಿಯಿಂದ. ಮೊದಲು ಬೇರೆ ಕಚೇರಿ ವ್ಯಾಪ್ತಿಗೆ ಹೋದವರು ಪಿಪಿಒ ವರ್ಗಾಯಿಸಿಕೊಳ್ಳಬೇಕಿತ್ತು. ಜನವರಿ 2025ರಿಂದ ಕೇಂದ್ರೀಕೃತ ಪಾವತಿ ಎಲ್ಲ ಕಚೇರಿಗಳಿಗೂ ಬಂದಿದೆ: ದೇಶದ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಹಣ ಬೀಳುತ್ತದೆ, ವರ್ಗಾವಣೆ ಬೇಡ. ಪಿಂಚಣಿದಾರರಿಗೆ ಅನುಕೂಲ, ನಕ್ಷೆ ಬರೆಯುವವರಿಗೆ ತಲೆನೋವು. ಬ್ಯಾಂಕ್ ಶಾಖೆಯನ್ನೂ ನಂಬುವಂತಿಲ್ಲ; ಖಾತೆ ಯಶವಂತಪುರದಲ್ಲಿ, ಎಟಿಎಂನಿಂದ ತೆಗೆಯುವುದು ಹಾಸನದಲ್ಲಿ.

ಇನ್ನೊಂದು: 10 ವರ್ಷ ತುಂಬುವ ಮೊದಲು ಫಾರ್ಮ್ 10ಸಿ ಹಾಕಿ ಪಿಂಚಣಿ ಹಣ ತೆಗೆದುಕೊಂಡವರ ಆ ಸೇವೆ ಲೆಕ್ಕದಿಂದಲೇ ಹೋಗುತ್ತದೆ. ಆ ಸೇವೆಯ ಮೇಲೆ ಅವರು ಫಾರ್ಮ್ 10ಡಿ, ಅಂದರೆ ತಿಂಗಳ ಪಿಂಚಣಿಯ ಅರ್ಜಿ, ಹಾಕುವ ಹಂತಕ್ಕೆ ಬರುವುದೇ ಇಲ್ಲ. ಕಾರ್ಖಾನೆ ಜಾಸ್ತಿ ಇರುವ ಕಡೆ ಪಿಂಚಣಿದಾರರು ಕಡಿಮೆ ಕಂಡರೆ ಮೊದಲು ಇದನ್ನು ಅನುಮಾನಿಸಿ.