ಬಲಿಪಶು ಬೇರೆ, ಅಟ್ಟಿದ ಹೋತ ಬೇರೆ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ‘ಸ್ಕೇಪ್‌ಗೋಟ್’ (ಬೇರೆಯವರ ತಪ್ಪಿನ ಹೊಣೆ ಹೊರಬೇಕಾದವನು) ಅಂತ ಬಂದರೆ ಕೈ ತಾನಾಗಿ ‘ಬಲಿಪಶು’ ಅಂತ ಬರೆದುಬಿಡುತ್ತದೆ. ಪತ್ರಿಕೆಗಳಲ್ಲೂ ಇದೇ ಬಳಕೆ. ಪದದ ಹುಟ್ಟು ತಿಳಿದ ಮೇಲೆ ಮಾತ್ರ ನಾನು ಪ್ರತಿ ಸಲ ಅಲ್ಲಿ ನಿಲ್ಲುತ್ತೇನೆ.

ಬೈಬಲ್ಲಿನ ಯಾಜಕಕಾಂಡ, 16ನೇ ಅಧ್ಯಾಯ. ಅಲ್ಲಿ ಇರುವುದು ಎರಡು ಹೋತ. ಚೀಟಿ ಹಾಕಿ ಒಂದನ್ನು ದೇವರಿಗೆ ಆರಿಸುತ್ತಾರೆ. ಅದನ್ನು ಕೊಯ್ಯುತ್ತಾರೆ. ಇನ್ನೊಂದು ‘ಅಜಾಜೇಲ್‌’ಗೆ. ಮಹಾಯಾಜಕ ಅದರ ತಲೆಯ ಮೇಲೆ ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲ ಒಪ್ಪಿಸುತ್ತಾನೆ. ಆಮೇಲೆ ಅದನ್ನು ಜೀವಂತವಾಗಿಯೇ ಅಡವಿಗೆ ಅಟ್ಟುತ್ತಾರೆ.

ಅಜಾಜೇಲ್ ಅನ್ನುವುದು ಒಂದು ಹೆಸರು ಅಂತ ಇಂದಿನ ಹಲವು ವಿದ್ವಾಂಸರ ಅಭಿಪ್ರಾಯ. ಹಿಂದಿನವರು ಅದನ್ನು ಒಡೆದು ಓದಿದರು. ಹೀಬ್ರೂವಿನಲ್ಲಿ ‘ಎಜ್’ ಅಂದರೆ ಆಡು, ‘ಅಜಲ್’ ಅಂದರೆ ಹೊರಟುಹೋಗು. 1530ರಲ್ಲಿ ವಿಲಿಯಂ ಟಿಂಡೇಲ್ ಈ ಭಾಗವನ್ನು ಇಂಗ್ಲಿಷಿಗೆ ತಂದಾಗ ತಪ್ಪಿಸಿಕೊಂಡು ಹೋಗುವ ಆಡು ಅನ್ನುವ ಅರ್ಥದಲ್ಲಿ ‘ಸ್ಕೇಪ್‌ಗೋಟ್’ ಕಟ್ಟಿದ. ಒಬ್ಬ ಅನುವಾದಕನ ಓದಿನಿಂದ ಭಾಷೆಗೆ ಹೊಸ ಪದವೇ ಬಂತು, ನೋಡಿ.

ಹಾಗಾದರೆ ಬಲಿಯಾದದ್ದು ಮೊದಲನೆಯ ಹೋತ, ಅಲ್ವಾ? ನಾವು ‘ಬಲಿಪಶು’ ಅಂತ ಬರೆದಾಗ ಹಿಡಿದುಕೊಳ್ಳುವುದು ಆ ಕೊಯ್ದ ಹೋತವನ್ನು, ಪಾಪ ಹೊತ್ತು ಹೋದದ್ದನ್ನಲ್ಲ. ‘ಹರಕೆಯ ಕುರಿ’ಯೂ ಅಷ್ಟೇ. ಅದರಲ್ಲಿ ಸಾವು ಇದೆ, ಬೇರೆಯವರ ತಪ್ಪು ಹೊರುವುದು ಇಲ್ಲ. ನನಗೆ ‘ತಪ್ಪನ್ನು ಅವನ ತಲೆಗೆ ಕಟ್ಟಿದರು’ ಅನ್ನುವುದೇ ಹೆಚ್ಚು ಹೊಂದುತ್ತದೆ. ಮಹಾಯಾಜಕ ಕೈ ಇಟ್ಟ ಆ ತಲೆ ನಮ್ಮ ನುಡಿಗಟ್ಟಿನಲ್ಲಿ ಮೊದಲೇ ಇದೆ!

‘ಜೂಬಿಲಿ’ಯ ಕಷ್ಟ ಬೇರೆ. ಅದರ ಮೂಲ ಹೀಬ್ರೂವಿನ ‘ಯೋವೆಲ್’, ಅಂದರೆ ಟಗರಿನ ಕೊಂಬು. ಬೈಬಲ್ಲಿನ ನಿಯಮದಂತೆ ಐವತ್ತನೇ ವರ್ಷ ಕೊಂಬು ಊದಿ ಬಿಡುಗಡೆ ಸಾರಬೇಕಿತ್ತು. ಬಡತನದಲ್ಲಿ ಮಾರಿದ ಹೊಲ ಮೂಲ ಮನೆತನಕ್ಕೆ ವಾಪಸ್, ಜೀತಕ್ಕಿದ್ದವರು ಮನೆಗೆ. ಮುಂದೆ ಲ್ಯಾಟಿನ್ನಿನಲ್ಲಿ ಸಂತೋಷದ ಕೂಗು ಅನ್ನುವ ಪದದ ಜೊತೆ ಬೆರೆತು ಹಬ್ಬದ ಅರ್ಥ ಜಾಸ್ತಿಯಾಯಿತು. ಐವತ್ತರ ಲೆಕ್ಕವೂ ಸಡಿಲವಾಯಿತು. ಮೈಸೂರಿನ ದೊಡ್ಡ ಗಡಿಯಾರವನ್ನು 1927ರಲ್ಲಿ ಕಟ್ಟಿದ್ದು ನಾಲ್ವಡಿಯವರ ಆಳ್ವಿಕೆಯ 25 ವರ್ಷದ ರಜತ ಜೂಬಿಲಿಗೆ.

ಬಡ ದೇಶಗಳ ಸಾಲ ಮನ್ನಾ ಮಾಡಿ ಎಂದು ಒತ್ತಾಯಿಸಿದ ಚಳವಳಿಯ ಹೆಸರು ‘ಜೂಬಿಲಿ 2000’. ಅಲ್ಲಿ ‘ಮಹೋತ್ಸವ’ ಅಂತ ಬರೆದರೆ ಓದುಗರಿಗೆ ಸಾಲಕ್ಕೂ ಹೆಸರಿಗೂ ನಂಟೇ ಕಾಣುವುದಿಲ್ಲ. ನಾನು ‘ಜೂಬಿಲಿ’ ಅಂತಲೇ ಉಳಿಸಿ, ಮುಂದಿನ ವಾಕ್ಯದಲ್ಲಿ ಕೊಂಬಿನ ಕಥೆ ಹೇಳುತ್ತೇನೆ.