ಮೇಲ್ ಎಲ್ಲಿ ಕಾಯುತ್ತಿದೆ? ಪೋಸ್ಟ್‌ಫಿಕ್ಸ್ ಸರ್ವರ್ ನಿಧಾನವಾದಾಗ ನೋಡಬೇಕಾದದ್ದು

ಮೇಲ್ ಸರ್ವರ್ ಸ್ಲೋ ಆಗಿದೆ ಎಂದು ದೂರು ಬಂದ ಕೂಡಲೇ ಹೆಚ್ಚಿನವರು ಸರ್ವೀಸ್ ರೀಸ್ಟಾರ್ಟ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ರ‍್ಯಾಮ್ ಜಾಸ್ತಿ ಮಾಡುತ್ತಾರೆ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಮೇಲ್ ಎಲ್ಲಿ ಕಾಯುತ್ತಿದೆ? ಮೇಲ್ ಪಡೆದು ಮುಂದಕ್ಕೆ ಕಳಿಸುವ ಪೋಸ್ಟ್‌ಫಿಕ್ಸ್ ಎಂಬ ಸಾಫ್ಟ್‌ವೇರ್ ಬಳಸುವವರಿಗೆ ಇದರ ಉತ್ತರ ಅದರ ಲಾಗ್‌ನಲ್ಲೇ (ಕೆಲಸದ ದಾಖಲೆಯಲ್ಲೇ) ಸಿಗುತ್ತದೆ. ಓದುವುದನ್ನು ಕಲಿತರೆ ಸಾಕು.

ಮೊದಲು ದೂರನ್ನೇ ಸ್ವಲ್ಪ ಬಿಡಿಸಿ ಕೇಳಿ. ಸೆಂಡ್ ಒತ್ತಿದ ಮೇಲೆ ತಿರುಗುತ್ತಲೇ ಇದೆಯಾ? ಕಳಿಸಿದ ಮೇಲ್ ತಡವಾಗಿ ತಲುಪುತ್ತಿದೆಯಾ? ಅಥವಾ ಇನ್‌ಬಾಕ್ಸ್ ತೆರೆಯುವುದೇ ನಿಧಾನವಾ? ಮೂರನೆಯದು ಸಾಮಾನ್ಯವಾಗಿ ಮೇಲ್‌ಬಾಕ್ಸ್ ತೆರೆದು ತೋರಿಸುವ ಸಾಫ್ಟ್‌ವೇರ್ ಆದ ಡವ್‌ಕಾಟ್ ಕಡೆಯ ಸಮಸ್ಯೆ. ಅದಕ್ಕಾಗಿ ಪೋಸ್ಟ್‌ಫಿಕ್ಸ್ ಸೆಟ್ಟಿಂಗ್ ಮುಟ್ಟುವುದು ಸುಮ್ನೆ ಸಮಯ ಹಾಳು.

ನಾಲ್ಕು ಅಂಕಿಗಳ ಸಾಲು

ವೀಟ್ಸ ವೆನೆಮಾ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ ಬರೆದ ಪೋಸ್ಟ್‌ಫಿಕ್ಸ್ 1998ರಲ್ಲಿ ಹೊರಬಂತು. ಅದರಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಚಿಕ್ಕ ಪ್ರೋಗ್ರಾಂ ಇದೆ: ಮೇಲ್ ತೆಗೆದುಕೊಳ್ಳುವುದಕ್ಕೆ ಒಂದು, ಕ್ಯೂ (ಕಾಯುವ ಮೇಲ್‌ಗಳ ಸಾಲು) ನೋಡಿಕೊಳ್ಳುವುದಕ್ಕೆ ಒಂದು, ಹೊರಗೆ ಕಳಿಸುವುದಕ್ಕೆ ಇನ್ನೊಂದು. ಹಾಗಾಗಿ ಯಾವ ಹಂತದಲ್ಲಿ ಎಷ್ಟು ಹೊತ್ತು ಹೋಯಿತು ಎಂದು ಅಳೆಯುವುದು ಸುಲಭ. ಪ್ರತಿ ಡೆಲಿವರಿಗೂ ಲಾಗ್‌ನಲ್ಲಿ ಹೀಗೊಂದು ತುಣುಕು ಇರುತ್ತದೆ:

ಡಿಲೇ=312, ಡಿಲೇಸ್=0.3/309/1.2/1.5, ಸ್ಟೇಟಸ್=ಸೆಂಟ್

312 ಎಂಬುದು ಒಟ್ಟು ಸೆಕೆಂಡು. ಅದನ್ನೇ ಮುಂದೆ ನಾಲ್ಕಾಗಿ ಒಡೆದಿದೆ. ಮೊದಲನೆಯದು ಮೇಲ್ ಬಂದಲ್ಲಿಂದ ಆಕ್ಟಿವ್ ಕ್ಯೂ (ಈಗ ಕಳಿಸಲು ಎತ್ತಿಕೊಂಡ ಮೇಲ್‌ಗಳ ಸಾಲು) ಸೇರುವವರೆಗಿನ ಸಮಯ. ಎರಡನೆಯದು ಆಕ್ಟಿವ್ ಕ್ಯೂನಲ್ಲಿ ಸರದಿಗಾಗಿ ಕಾದದ್ದು. ಮೂರನೆಯದು ಡಿಎನ್‌ಎಸ್ ಹುಡುಕಾಟ (ಆ ಕಡೆಯ ಸರ್ವರ್‌ನ ವಿಳಾಸ ಪತ್ತೆ), ಕನೆಕ್ಷನ್, ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೆ ತರುವುದು) ಎಲ್ಲ ಸೇರಿ ಆದದ್ದು. ನಾಲ್ಕನೆಯದು ಮೇಲ್ ಅನ್ನು ಆ ಕಡೆಗೆ ದಾಟಿಸಲು ಹಿಡಿದ ಸಮಯ.

ಈ ಉದಾಹರಣೆಯಲ್ಲಿ ಆ ಕಡೆಯ ಸರ್ವರ್ ಚೆನ್ನಾಗಿಯೇ ಇದೆ, ಅಲ್ವಾ? ನೆಟ್‌ವರ್ಕ್ ಕೂಡ ಸರಿಯಿದೆ. 309 ಸೆಕೆಂಡು ಹೋದದ್ದು ನಮ್ಮದೇ ಕ್ಯೂನಲ್ಲಿ. ರ‍್ಯಾಮ್ ಹಾಕಿದರೂ ಇದು ಕಡಿಮೆಯಾಗುವ ಸಂಭವ ತೀರಾ ಕಮ್ಮಿ.

ಮೊದಲ ಅಂಕಿಯ ಬಗ್ಗೆ ಒಂದು ಎಚ್ಚರಿಕೆ. ಒಮ್ಮೆ ಡಿಫರ್ ಆಗಿ (ಸದ್ಯಕ್ಕೆ ತಲುಪದೆ ಮುಂದೂಡಲ್ಪಟ್ಟು), ಮತ್ತೆ ಪ್ರಯತ್ನಿಸಿದ ಮೇಲ್‌ಗೆ ಆ ಕಾದ ಕಾಲವೆಲ್ಲ ಮೊದಲ ಅಂಕಿಗೇ ಸೇರುತ್ತದೆ. ಅಲ್ಲಿ 7000 ಕಂಡರೆ ಮೇಲ್ ಒಳಗೆ ಬರುವುದೇ ನಿಧಾನ ಎಂದು ತೀರ್ಮಾನಿಸಬೇಡಿ. ಆ ಮೇಲ್‌ನ ಗುರುತಾದ ಕ್ಯೂ ಐಡಿಯನ್ನು ಲಾಗ್‌ನಲ್ಲಿ ಹಿಂದಕ್ಕೆ ಹುಡುಕಿ, ಮೊದಲ ಸಲ ಏಕೆ ಡಿಫರ್ ಆಯಿತು ಎಂದು ನೋಡಿ. ನಾಲ್ಕನೆಯ ಅಂಕಿಗೂ ಹೀಗೊಂದು ವಿಶೇಷ ಇದೆ. ಕ್ಯೂ ಆದ ಮೇಲೆ ಅಮಾವಿಸ್‌ನಂಥ ಫಿಲ್ಟರ್ ಮೂಲಕ ಮೇಲ್ ಹಾಯಿಸುವ ಸರ್ವರ್‌ಗಳಲ್ಲಿ, ಅದೇ ಯಂತ್ರದ ಫಿಲ್ಟರ್ ಪೋರ್ಟ್‌ಗೆ ಹೋದ ಸಾಲಿನ ನಾಲ್ಕನೆಯ ಅಂಕಿ ಎಂದರೆ ವೈರಸ್ ಮತ್ತು ಸ್ಪಾಮ್ ತಪಾಸಣೆಗೆ ಹಿಡಿದ ಸಮಯ. ಅದು ದಿಢೀರನೆ ಏರಿದ್ದರೆ ಮೊದಲು ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್ ಜಾಗ) ನೋಡಿ. ವೈರಸ್ ಹುಡುಕುವ ಕ್ಲಾಮ್‌ಎವಿ ಒಂದೇ 1 ಜಿಬಿಗಿಂತ ಜಾಸ್ತಿ ಮೆಮೊರಿ ಹಿಡಿಯುತ್ತದೆ. ರ‍್ಯಾಮ್ ಹಾಕಿದ್ದು ನಿಜಕ್ಕೂ ಕೆಲಸಕ್ಕೆ ಬರುವುದು ಇಂಥ ಕಡೆ.

ಎರಡನೆಯ ಅಂಕಿ ಏರಿದಾಗ

ಆಕ್ಟಿವ್ ಕ್ಯೂನಲ್ಲಿ ಡೀಫಾಲ್ಟ್ ಆಗಿ 20000 ಮೇಲ್‌ಗಷ್ಟೇ ಜಾಗ. ಒಂದು ಡೊಮೇನ್‌ಗೆ (ಮೇಲ್ ವಿಳಾಸದಲ್ಲಿ @ ನಂತರದ ಭಾಗ) ಒಂದೇ ಹೊತ್ತಿಗೆ ಹೆಚ್ಚೆಂದರೆ 20 ಡೆಲಿವರಿ, ಅದೂ 5ರಿಂದ ಶುರುವಾಗಿ ಮೆಲ್ಲಗೆ ಏರುತ್ತದೆ. ನಿಧಾನವಾಗಿ ಸ್ವೀಕರಿಸುವ ಒಂದೇ ಡೊಮೇನ್‌ಗೆ ಸಾವಿರಗಟ್ಟಲೆ ಮೇಲ್ ಬಂದು ಬಿದ್ದರೆ ಅವೇ ಜಾಗ ತುಂಬಿಕೊಳ್ಳುತ್ತವೆ. ಪಾಪ, ಉಳಿದ ಮೇಲ್‌ಗಳು ಒಳಗೆ ಬರಲಾಗದೆ ಇನ್‌ಕಮಿಂಗ್ ಕ್ಯೂನಲ್ಲೇ ನಿಲ್ಲುತ್ತವೆ.

ಇಲ್ಲಿ ನೆರವಿಗೆ ಬರುವುದು ಕ್ಯೂಶೇಪ್. ಪೋಸ್ಟ್‌ಫಿಕ್ಸ್ ಜೊತೆಗೆ ಬರುವ ಉಪಕರಣಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಎಡಕ್ಕೆ ಡೊಮೇನ್‌ಗಳು, ಮೇಲೆ ಮೇಲ್‌ನ ವಯಸ್ಸು ನಿಮಿಷಗಳಲ್ಲಿ: 5, 10, 20, 40 ಹೀಗೆ ದ್ವಿಗುಣವಾಗುತ್ತ 1280 ದಾಟುವವರೆಗೆ. ಒಂದೇ ಡೊಮೇನ್ ಸಾಲಿನಲ್ಲಿ ಅಂಕಿ ಉಬ್ಬಿದ್ದರೆ ಸಮಸ್ಯೆ ಆ ಡೊಮೇನ್ ಕಡೆ. ಎಲ್ಲ ಡೊಮೇನ್‌ಗಳಲ್ಲೂ ಹೊಸ ಮೇಲ್‌ಗಳೇ ಗುಡ್ಡೆ ಬಿದ್ದಿದ್ದರೆ ನಮ್ಮಲ್ಲೇ ಏನೋ ಕಟ್ಟಿಕೊಂಡಿದೆ. ಡಿಫರ್ಡ್ ಕ್ಯೂನಲ್ಲಿ ಕೇಳಿಯೇ ಇರದ ನೂರಾರು ಡೊಮೇನ್‌ಗಳು ಕಂಡರೆ ಯಾರದೋ ಪಾಸ್‌ವರ್ಡ್ ಕಳುವಾಗಿ ಸ್ಪಾಮ್ ಹೋಗುತ್ತಿರುವ ಅನುಮಾನ ಗಟ್ಟಿ. ಕ್ಯೂಶೇಪ್ ಅನ್ನು ಮೈನಸ್ ಎಸ್ (-s) ಸೇರಿಸಿ ಓಡಿಸಿದರೆ ಕಳಿಸಿದವರ ಡೊಮೇನ್ ಲೆಕ್ಕ ಬರುತ್ತದೆ. ಲಾಗ್‌ನಲ್ಲಿ ಎಸ್‌ಎಎಸ್‌ಎಲ್ ಯೂಸರ್‌ನೇಮ್ (ಮೇಲ್ ಕಳಿಸಲು ಲಾಗಿನ್ ಆದವರ ಹೆಸರು) ಎಣಿಸಿದರೆ ಯಾವ ಖಾತೆ ಎಂದು ಕೈಗೆ ಸಿಗುತ್ತದೆ. ಮೊದಲು ಆ ಖಾತೆಯ ಪಾಸ್‌ವರ್ಡ್ ಬದಲಿಸಿ, ಆಮೇಲೆ ಕ್ಯೂ ಸ್ವಚ್ಛ ಮಾಡಿ. ಉಲ್ಟಾ ಮಾಡಿದರೆ ಅಳಿಸಿದಷ್ಟೂ ತುಂಬುತ್ತಲೇ ಇರುತ್ತದೆ.

ಕ್ಯೂ ದೊಡ್ಡದಾದಾಗ ಎಲ್ಲವನ್ನೂ ಒಮ್ಮೆಲೇ ಕಳಿಸುವ ಫ್ಲಶ್ ಕಮಾಂಡ್ ಕೊಡುವ ಆಸೆ ಆಗುತ್ತದೆ. ದಯವಿಟ್ಟು ಬೇಡ. ಸೋತ ಮೇಲ್ ಅನ್ನು ಮತ್ತೆ ಯಾವಾಗ ಪ್ರಯತ್ನಿಸಬೇಕು ಎಂಬುದನ್ನು ಪೋಸ್ಟ್‌ಫಿಕ್ಸ್ 300 ಸೆಕೆಂಡಿನಿಂದ 4000 ಸೆಕೆಂಡಿನವರೆಗೆ ಅಂತರ ಹೆಚ್ಚಿಸುತ್ತ ತಾನೇ ನಿರ್ಧರಿಸುತ್ತದೆ. 5 ದಿನ ಹೀಗೇ ಪ್ರಯತ್ನಿಸುತ್ತದೆ. ಫ್ಲಶ್ ಕೊಟ್ಟರೆ ತಲುಪದ ಮೇಲ್‌ಗಳೆಲ್ಲ ಆಕ್ಟಿವ್ ಕ್ಯೂಗೆ ನುಗ್ಗಿ, ತಲುಪಬಲ್ಲ ಹೊಸ ಮೇಲ್‌ಗಳ ದಾರಿಗೆ ಅಡ್ಡ ನಿಲ್ಲುತ್ತವೆ.

ಸಿಪಿಯು ಖಾಲಿ, ಲೋಡ್ ಮಾತ್ರ ಜಾಸ್ತಿ

ಟಾಪ್ ಕಮಾಂಡ್‌ನಲ್ಲಿ ಲೋಡ್ (ಓಡುತ್ತಿರುವ, ಕಾಯುತ್ತಿರುವ ಪ್ರೊಸೆಸ್‌ಗಳ ಲೆಕ್ಕ) 30 ತೋರಿಸುತ್ತದೆ, ಸಿಪಿಯು ಮಾತ್ರ ಹೆಚ್ಚುಕಡಿಮೆ ಸುಮ್ಮನೆ ಕೂತಿದೆ. ಹೊಸಬರಿಗೆ ಇದು ಗೊಂದಲ. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುತ್ತಿರುವ ಪ್ರೊಸೆಸ್‌ಗಳೂ ಲೋಡ್ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಇಂಥ ಹೊತ್ತಲ್ಲಿ ಡಿಸ್ಕ್ ಕೆಲಸ ಅಳೆಯುವ ಐಒಸ್ಟ್ಯಾಟ್ ಓಡಿಸಿ, ಡಿಸ್ಕ್‌ಗಾಗಿ ಕಾದ ಸಮಯ ತೋರಿಸುವ ಅವೇಟ್ ಕಾಲಂಗಳನ್ನು ನೋಡಬೇಕು.

ಮೇಲ್ ಸರ್ವರ್‌ಗೆ ಡಿಸ್ಕ್ ಇಷ್ಟೊಂದು ಮುಖ್ಯವಾಗಲು ಕಾರಣವಿದೆ. ಮೇಲ್ ತೆಗೆದುಕೊಂಡೆ ಎಂದು 250 ಉತ್ತರ ಕೊಟ್ಟ ಮೇಲೆ ಅದರ ಜವಾಬ್ದಾರಿ ನಮ್ಮದು. ಆಮೇಲೆ ಕರೆಂಟ್ ಹೋದರೂ ಆ ಮೇಲ್ ಉಳಿಯಬೇಕು. ಅದಕ್ಕೇ ಪೋಸ್ಟ್‌ಫಿಕ್ಸ್ ಕ್ಯೂ ಫೈಲನ್ನು ಡಿಸ್ಕ್‌ಗೆ ಸಿಂಕ್ ಮಾಡಿದ (ನಿಜಕ್ಕೂ ಬರೆದು ಮುಗಿಸಿದ) ನಂತರವೇ ಆ ಉತ್ತರ ಕೊಡುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಳೆಯ ಡಿಸ್ಕ್ ಸೆಕೆಂಡಿಗೆ ತಿರುಗುವುದು 120 ಸುತ್ತು. ಸಿಂಕ್‌ಗಳ ಸಂಖ್ಯೆಯೂ ಸುಮಾರು ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಮೇಲ್‌ಗೂ ಒಂದಕ್ಕಿಂತ ಹೆಚ್ಚು ಸಿಂಕ್ ಬೇಕು. ಲಾಗ್ ಕೂಡ ಅದೇ ಡಿಸ್ಕ್‌ಗೆ, ಸಾಲುಸಾಲಿಗೂ ಸಿಂಕ್ ಆಗುತ್ತ ಹೋದರೆ ಇನ್ನೂ ಕಷ್ಟ. ಕ್ಯೂ ಡೈರೆಕ್ಟರಿಯನ್ನು ಎಸ್‌ಎಸ್‌ಡಿಗೆ ಸಾಗಿಸುವುದು, ಮೇಲ್‌ಬಾಕ್ಸ್‌ಗಳನ್ನು ಬೇರೆ ಡಿಸ್ಕ್‌ನಲ್ಲಿಡುವುದು ಬಹಳಷ್ಟು ಸಲ ಇದಕ್ಕೆ ಮದ್ದು. ಡಿಸ್ಕ್‌ನಲ್ಲಿ ಜಾಗ ಇದ್ದರೂ ಬರೆಯಲಾಗುತ್ತಿಲ್ಲ ಎಂದಾದರೆ ಐನೋಡ್ (ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆ) ಮುಗಿದಿದೆಯಾ ನೋಡಿ. ಮೇಲ್‌ಡಿರ್ ಎಂಬ ಮೇಲ್‌ಬಾಕ್ಸ್ ರೂಪದಲ್ಲಿ ಒಂದು ಮೇಲ್ ಅಂದರೆ ಒಂದು ಫೈಲ್.

ಲಾಗ್ ಸಾಲಿನಲ್ಲಿ ಬೇರೆಯಾಗಿ ಕಾಣದ ತಡ

ಬ್ಲ್ಯಾಕ್‌ಲಿಸ್ಟ್ ತಪಾಸಣೆ (ಕಳಿಸುವವರ ಐಪಿ ಸ್ಪಾಮ್ ಪಟ್ಟಿಯಲ್ಲಿದೆಯಾ ಎಂದು ಡಿಎನ್‌ಎಸ್ ಮೂಲಕ ಕೇಳುವುದು) ನಡೆಯುವುದು ಕ್ಯೂ ಫೈಲ್ ಹುಟ್ಟುವ ಮೊದಲು. ಆ ತಡ ನಾಲ್ಕು ಅಂಕಿಗಳಲ್ಲಿ ಬೇರೆಯಾಗಿ ಕಾಣುವುದಿಲ್ಲ. ಕನೆಕ್ಟ್ ಎಂದು ಬಂದ ಸಾಲಿಗೂ, ಕ್ಯೂ ಐಡಿ ಜೊತೆ ಕ್ಲೈಂಟ್ ಎಂದು ಬರುವ ಸಾಲಿಗೂ ನಡುವಿನ ಅಂತರ ನೋಡಿ. ಅಲ್ಲಿ ಹತ್ತಿಪ್ಪತ್ತು ಸೆಕೆಂಡು ಹೋಗುತ್ತಿದ್ದರೆ ಡಿಎನ್‌ಎಸ್ ಮೇಲೆ ನನ್ನ ಮೊದಲ ಅನುಮಾನ. ಎಂದೋ ಮುಚ್ಚಿಹೋದ ಬ್ಲ್ಯಾಕ್‌ಲಿಸ್ಟ್ ಇನ್ನೂ ಕಾನ್ಫಿಗ್‌ನಲ್ಲಿದ್ದರೆ ಪ್ರತಿ ಕನೆಕ್ಷನ್ನೂ ಅದರ ಟೈಮ್‌ಔಟ್‌ಗೆ ಕಾಯುವ ಸಾಧ್ಯತೆ ಇದೆ. ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರ ತರುವ ಸರ್ವರ್) ಗೂಗಲ್‌ನ 8.8.8.8 ಆಗಿದ್ದರೆ ಅದು ಬೇರೆಯದೇ ತೊಂದರೆ: ಬ್ಲ್ಯಾಕ್‌ಲಿಸ್ಟ್ ನಡೆಸುವ ಸ್ಪಾಮ್‌ಹೌಸ್ ಇಂಥ ಸಾರ್ವಜನಿಕ ರಿಸಾಲ್ವರ್‌ಗಳಿಗೆ 127.255.255.254 ಎಂಬ ದೋಷದ ಕೋಡ್ ಕೊಡುತ್ತದೆ. ಅದನ್ನು ಸ್ಪಾಮ್ ಎಂದೇ ಓದಿಕೊಂಡರೆ ಒಳ್ಳೆಯ ಮೇಲ್ ಕೂಡ ತಿರಸ್ಕಾರವಾಗುತ್ತದೆ. ಅದೇ ಯಂತ್ರದಲ್ಲಿ ಅನ್‌ಬೌಂಡ್ ಥರದ ಕ್ಯಾಶ್ ಮಾಡುವ ರಿಸಾಲ್ವರ್ ಹಾಕಿಕೊಳ್ಳಿ, ಎರಡೂ ಕಡೆ ಅನುಕೂಲ.

ಈ ತಡದಿಂದ ಇನ್ನೊಂದು ಎಚ್ಚರಿಕೆಯೂ ಲಾಗ್‌ಗೆ ಬರಬಹುದು: ಮೇಲ್ ತೆಗೆದುಕೊಳ್ಳುವ ಎಸ್‌ಎಂಟಿಪಿ ಸರ್ವೀಸ್ ತನ್ನ 100 ಪ್ರೊಸೆಸ್ ಮಿತಿ ಮುಟ್ಟಿದೆ ಎಂದು. ಓದಿದ ಕೂಡಲೇ 100 ಅನ್ನು 500 ಮಾಡುವವರಿದ್ದಾರೆ. ಮುಂದೆ ಸೇತುವೆ ಕಿರಿದಾಗಿರುವಾಗ ಟೋಲ್ ಗೇಟ್ ಹೆಚ್ಚಿಸಿ ಏನು ಬಂತು? ಆ 100 ಪ್ರೊಸೆಸ್‌ಗಳು ಏನು ಮಾಡುತ್ತಿವೆ ಎಂದು ನೋಡಿ. ಡಿಎನ್‌ಎಸ್‌ಗೆ ಕಾಯುತ್ತಿದ್ದರೆ ಅದನ್ನು ಸರಿ ಮಾಡಿ. ಸ್ಪಾಮ್ ಬಾಟ್‌ಗಳೇ ತುಂಬಿಕೊಂಡಿದ್ದರೆ ಪೋಸ್ಟ್‌ಫಿಕ್ಸ್ 2.8ನೇ ಆವೃತ್ತಿಯಿಂದ ಇರುವ ಪೋಸ್ಟ್‌ಸ್ಕ್ರೀನ್ ಅವನ್ನು ಬಾಗಿಲಲ್ಲೇ ತಡೆಯುತ್ತದೆ. 2.6ರಿಂದ ಒತ್ತಡ ಬಂದಾಗ ಎಸ್‌ಎಂಟಿಪಿ ಟೈಮ್‌ಔಟ್ ತಾನಾಗಿ 300 ಸೆಕೆಂಡಿನಿಂದ 10ಕ್ಕೆ ಇಳಿಯುವ ವ್ಯವಸ್ಥೆಯೂ ಇದೆ.

ಇನ್‌ಬಾಕ್ಸ್ ತೆರೆಯದಿದ್ದರೆ

ಡವ್‌ಕಾಟ್‌ನಲ್ಲಿ ಒಬ್ಬ ಯೂಸರ್ ಒಂದೇ ಐಪಿಯಿಂದ ಡೀಫಾಲ್ಟ್ ಆಗಿ 10 ಕನೆಕ್ಷನ್ ಮಾತ್ರ ತೆರೆಯಬಹುದು. ಲ್ಯಾಪ್‌ಟಾಪ್, ಫೋನ್, ಟ್ಯಾಬ್ ಮೂರೂ ಆಫೀಸಿನ ಒಂದೇ ಐಪಿ ಹಿಂದಿದ್ದರೆ 10 ಬೇಗ ಮುಗಿಯುತ್ತದೆ. ಬಳಕೆದಾರರು ಇದನ್ನೂ ಸ್ಲೋ ಎಂದೇ ಹೇಳುತ್ತಾರೆ. ಮಿತಿ ಮೀರಿದ್ದನ್ನು ಲಾಗ್ ನೇರವಾಗಿಯೇ ಬರೆಯುತ್ತದೆ, ಅಂಥ ಕಡೆ ಮಿತಿ ಏರಿಸುವುದು ಸರಿಯಾದ ಪರಿಹಾರವೇ. ತೆರೆಯುವುದು ಬೇಗ, ಹುಡುಕುವುದು ಮಾತ್ರ ನಿಧಾನ ಎಂದರೆ ಕಾರಣ ಬೇರೆ. ಪೂರ್ಣ ಪಠ್ಯದ ಇಂಡೆಕ್ಸ್ ಇಲ್ಲದಿದ್ದರೆ ಮೇಲ್‌ನ ಒಳಗಿನ ಒಂದು ಪದ ಹುಡುಕಲು ಡವ್‌ಕಾಟ್ ಆ ಫೋಲ್ಡರ್‌ನ ಮೇಲ್‌ಗಳನ್ನು ಒಂದೊಂದಾಗಿ ತೆರೆದು ಓದಬೇಕು. ಲಕ್ಷ ಮೇಲ್ ಇರುವ ಫೋಲ್ಡರ್‌ನಲ್ಲಿ ಆ ಒಂದು ಹುಡುಕಾಟವೇ ಐಒಸ್ಟ್ಯಾಟ್‌ನ ಅವೇಟ್ ಅನ್ನು ಮೇಲಕ್ಕೆ ಒಯ್ಯುತ್ತದೆ, ಪೋಸ್ಟ್‌ಫಿಕ್ಸ್ ಕ್ಯೂ ಅದೇ ಡಿಸ್ಕ್‌ನಲ್ಲಿದ್ದರೆ ಮೇಲ್ ಕಳಿಸುವವರೂ ಕಾಯುತ್ತಾರೆ.